ಪೆನ್ಸಿಲ್‌ನಷ್ಟು ತೆಳ್ಳಗಿನ ಸರ್ಜಿಕಲ್ ರೋಬೋಟ್ ಉಪಕರಣಕ್ಕೆ ಸೋರದ ಸೀಲ್ ಮಾಡುವುದು ಹೇಗೆ?

"5 ಮಿ.ಮೀ. ಶಾಫ್ಟ್‌ಗೆ ಯಾವ ಓ-ರಿಂಗ್ ಹಾಕಲಿ?" ಸರ್ಜಿಕಲ್ ರೋಬೋಟ್‌ಗಳ ಉಪಕರಣ ವಿನ್ಯಾಸ ಮಾಡುವವರು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆ ಇದು. ಶಾಫ್ಟ್ ಅಂದರೆ ತಿರುಗುವ ಸರಳು, ಓ-ರಿಂಗ್ ಅಂದರೆ ಅದರ ಸುತ್ತ ಸೋರದಂತೆ ಹಾಕುವ ರಬ್ಬರ್ ಬಳೆ. ಈ ಪ್ರಶ್ನೆ ಬರುವ ಹೊತ್ತಿಗೆ ಡ್ರಾಯಿಂಗ್ ಮುಗಿದಿರುತ್ತದೆ, ಮೋಟರ್ ಆರಿಸಿ ಆಗಿರುತ್ತದೆ, ಸೀಲ್‌ಗೆ ಅಂತ ಉಳಿದಿರುವುದು ಅರ್ಧ ಮಿಲಿಮೀಟರ್ ಜಾಗ. ಆಮೇಲೆ ಎಂಥ ಒಳ್ಳೆಯ ಓ-ರಿಂಗ್ ತಂದರೂ ಅದು ಒದ್ದಾಡುತ್ತದೆ. ಹಾಗಾಗಿ ಓ-ರಿಂಗ್‌ನ ಅಳತೆಗೆ ಬರುವ ಮೊದಲು ಏನೇನು ನೋಡಬೇಕು ಎಂಬುದರಿಂದಲೇ ಶುರು ಮಾಡುತ್ತೇನೆ.

ಇಲ್ಲಿ ಮಾತಾಡುತ್ತಿರುವುದು 5ರಿಂದ 8 ಮಿ.ಮೀ. ದಪ್ಪದ ಉಪಕರಣಗಳ ಬಗ್ಗೆ. ತುದಿಯಲ್ಲಿ ಸಣ್ಣ ಮಣಿಕಟ್ಟು, ಅದನ್ನು ಎಳೆಯುವ ಉಕ್ಕಿನ ಕೇಬಲ್‌ಗಳು, ಉದ್ದನೆಯ ಕೊಳವೆ, ಹಿಂದೆ ರೋಬೋಟ್ ತೋಳಿಗೆ ಕೂರುವ ಡಬ್ಬಿ. ಕೆಲವದರಲ್ಲಿ ಒಳಗೇ ಮೋಟರ್, ಸೆನ್ಸರ್, ಕ್ಯಾಮೆರಾ ಇರುತ್ತವೆ. ರೋಗಿಯ ದೇಹದೊಳಗೆ ಹೋಗಿ, ತೊಳೆಸಿಕೊಂಡು, ಹಬೆಯಲ್ಲಿ ಬೆಂದು, ಮತ್ತೆ ಇನ್ನೊಬ್ಬರ ದೇಹದೊಳಗೆ ಹೋಗುವ ವಸ್ತು ಇದು. ಸೀಲ್ ಸೋತರೆ ಒಳಗಿನ ಸರ್ಕ್ಯೂಟ್ ಕೆಡುವುದು ಚಿಕ್ಕ ಸಮಸ್ಯೆ. ಒಬ್ಬರ ರಕ್ತದ ಅಂಶ ಒಳಗೆ ಉಳಿದು ಇನ್ನೊಬ್ಬರ ಹತ್ತಿರ ಹೋಗುವುದು ದೊಡ್ಡ ಸಮಸ್ಯೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದೆ ಓದಿ.

ಕೈಯಲ್ಲಿ ಏನೇನಿರಬೇಕು

ಉಪಕರಣವನ್ನು ಉದ್ದಕ್ಕೆ ಸೀಳಿದಂತೆ ತೋರಿಸುವ ಡ್ರಾಯಿಂಗ್. ಆಸ್ಪತ್ರೆಯಲ್ಲಿ ಅದನ್ನು ತೊಳೆದು ಸ್ಟೆರಿಲೈಸ್ ಮಾಡುವ ಪೂರ್ತಿ ಕ್ರಮ, ತಾಪಮಾನ, ನಿಮಿಷ ಮತ್ತು ಡಿಟರ್ಜೆಂಟ್ ಸಮೇತ. 20 ಪಟ್ಟಾದರೂ ದೊಡ್ಡದಾಗಿ ತೋರಿಸುವ ಮೈಕ್ರೋಸ್ಕೋಪ್. ಗಾಳಿಯ ಒತ್ತಡ ಇಳಿಯುವುದನ್ನು ಅಳೆಯುವ ಲೀಕ್ ಟೆಸ್ಟರ್. ಮಿಲಿಗ್ರಾಂನ ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿ. ಕೊನೆಯದು ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

1. ಒತ್ತಡದ ಲೆಕ್ಕ ಬರೆಯಿರಿ

ಲ್ಯಾಪರೋಸ್ಕೋಪಿಯಲ್ಲಿ (ಸಣ್ಣ ತೂತುಗಳ ಮೂಲಕ ಮಾಡುವ ಹೊಟ್ಟೆಯ ಆಪರೇಷನ್) ಹೊಟ್ಟೆ ಉಬ್ಬಿಸಲು ತುಂಬುವ ಕಾರ್ಬನ್ ಡೈಆಕ್ಸೈಡ್‌ನ ಒತ್ತಡ ಸಾಮಾನ್ಯವಾಗಿ 12–15 ಮಿ.ಮೀ. ಪಾದರಸ. ಅಂದರೆ 16–20 ಮಿಲಿಬಾರ್. ಒಂದು ಗೇಣು ಆಳದ ನೀರಿನ ಒತ್ತಡ ಅಷ್ಟೇ. ಇದನ್ನು ನೋಡಿ ತುಂಬಾ ಜನ "ಒತ್ತಡವೇ ಇಲ್ಲವಲ್ಲ, ಯಾವ ಸೀಲ್ ಆದರೂ ನಡೆಯುತ್ತದೆ" ಅಂದುಕೊಳ್ಳುತ್ತಾರೆ.

ನಿಜವಾದ ಪರೀಕ್ಷೆ ಆಟೋಕ್ಲೇವ್‌ನಲ್ಲಿದೆ. ಆಟೋಕ್ಲೇವ್ ಅಂದರೆ ಒತ್ತಡದ ಹಬೆಯಲ್ಲಿ ಉಪಕರಣ ಬೇಯಿಸುವ ಯಂತ್ರ. ಅದು ಮೊದಲು ಗಾಳಿಯನ್ನು ಹೀರಿ ತೆಗೆಯುತ್ತದೆ, ಆಮೇಲೆ 134 ಡಿಗ್ರಿ ಸೆಲ್ಸಿಯಸ್‌ನ ಹಬೆ ತುಂಬುತ್ತದೆ, ಕೊನೆಗೆ ಒಣಗಿಸಲು ಮತ್ತೆ ನಿರ್ವಾತ ಮಾಡುತ್ತದೆ. ನಿಮ್ಮ ಉಪಕರಣದೊಳಗೆ 20 ಡಿಗ್ರಿಯಲ್ಲಿ, 1 ಬಾರ್ ಗಾಳಿ ಇದ್ದಾಗ ಮುಚ್ಚಿದ ಒಂದು ಜಾಗ ಇದೆ ಅಂತಿಟ್ಟುಕೊಳ್ಳಿ. ಆ ಜಾಗದ ಸೀಲ್ ಏನನ್ನು ನೋಡುತ್ತದೆ?

- ಮೊದಲ ನಿರ್ವಾತ: ಹೊರಗೆ ಸುಮಾರು 0.05 ಬಾರ್, ಒಳಗೆ 1 ಬಾರ್. ಸೀಲ್ ಮೇಲೆ ಒಳಗಿನಿಂದ ಹೊರಕ್ಕೆ 0.95 ಬಾರ್.
- 134 ಡಿಗ್ರಿ ಹಬೆ: ಹೊರಗೆ ಸುಮಾರು 3.04 ಬಾರ್, ಒಳಗಿನ ಗಾಳಿ ಬಿಸಿಯಾಗಿ 1.39 ಬಾರ್. ಈಗ ಹೊರಗಿನಿಂದ ಒಳಕ್ಕೆ 1.65 ಬಾರ್.
- ಒಣಗಿಸುವ ನಿರ್ವಾತ: ಹೊರಗೆ ಮತ್ತೆ 0.05 ಬಾರ್, ಒಳಗೆ ಇನ್ನೂ ಬಿಸಿ ಗಾಳಿ. ಮತ್ತೆ ಒಳಗಿನಿಂದ ಹೊರಕ್ಕೆ ಸುಮಾರು 1.3 ಬಾರ್.

ಆಪರೇಷನ್‌ನಲ್ಲಿ 0.02 ಬಾರ್, ಆಟೋಕ್ಲೇವ್‌ನಲ್ಲಿ 1.65 ಬಾರ್. ಎಂಬತ್ತು ಪಟ್ಟಿಗಿಂತ ಜಾಸ್ತಿ! ಅದೂ ಎರಡೂ ದಿಕ್ಕಿನಿಂದ, ಒಂದೇ ಸುತ್ತಿನಲ್ಲಿ. ಸೀಲ್ ಸೋಲುವುದು ಆಪರೇಷನ್ ಥಿಯೇಟರ್‌ನಲ್ಲಿ ಅಲ್ಲ, ತೊಳೆಯುವ ಕೋಣೆಯಲ್ಲಿ. ವಿನ್ಯಾಸವನ್ನೂ ಆ ಕೋಣೆಗೇ ಮಾಡಬೇಕು. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಇನ್ನೊಂದು ಲೆಕ್ಕ. 2 ಮಿಲಿಲೀಟರ್‌ನ ಖಾಲಿ ಜಾಗಕ್ಕೆ 134 ಡಿಗ್ರಿಯ ಹಬೆ ಪೂರ್ತಿ ನುಗ್ಗಿದರೆ, ತಣ್ಣಗಾದ ಮೇಲೆ ಸುಮಾರು 3 ಮಿಲಿಗ್ರಾಂ ನೀರಾಗುತ್ತದೆ. ಸಾಸಿವೆ ಕಾಳಿನಷ್ಟು ಹನಿ. ಸೆನ್ಸರ್‌ನ ಎರಡು ಕಾಲುಗಳ ನಡುವೆ ಸೇತುವೆ ಕಟ್ಟಲು, ಕ್ಯಾಮೆರಾ ಗಾಜಿನ ಮೇಲೆ ಮಂಜು ಕಟ್ಟಲು ಅಷ್ಟು ಧಾರಾಳ ಸಾಕು.

ಹಬೆಯ ಜೊತೆಗೆ ಉಳಿದದ್ದನ್ನೂ ಪಟ್ಟಿ ಮಾಡಿ: ಕ್ಷಾರದ ಡಿಟರ್ಜೆಂಟ್, ಅಲ್ಟ್ರಾಸೋನಿಕ್ ತೊಟ್ಟಿ, ವಾಷರ್‌ನ 90 ಡಿಗ್ರಿ ನೀರು, ಒಣಗಿ ಅಂಟಾದ ರಕ್ತ, ಸಲೈನ್ ಆರಿ ಉಳಿಯುವ ಉಪ್ಪಿನ ಹರಳು. ಈ ಹರಳುಗಳು ಸಣ್ಣ ಮರಳಿನಂತೆ ಸೀಲ್‌ನ ತುಟಿಯನ್ನು (ಶಾಫ್ಟ್‌ಗೆ ತಾಗುವ ಅಂಚನ್ನು) ಕೆರೆಯುತ್ತವೆ.

2. ಏನನ್ನು ಒಣಗಿಡಬೇಕು ಎಂದು ತೀರ್ಮಾನಿಸಿ

ಎಲ್ಲವನ್ನೂ ಮುಚ್ಚಲು ಹೋಗಬೇಡಿ. ತುದಿಯ ಮಣಿಕಟ್ಟು, ರಾಟೆಗಳು, ಕೇಬಲ್‌ಗಳನ್ನು ಮುಚ್ಚಲು ಆಗುವುದೇ ಇಲ್ಲ. ಅವು ಒದ್ದೆಯಾಗಲಿ. ಆದರೆ ಒದ್ದೆಯಾಗುವ ಜಾಗಕ್ಕೆ ನೀರು ಹೋಗಲು ಒಂದು ದಾರಿ, ಹೊರಬರಲು ಇನ್ನೊಂದು ದಾರಿ ಕೊಡಿ. ಸಿರಿಂಜ್ ಸಿಕ್ಕಿಸಿ ನೀರು ಹಾಯಿಸಲು ಹಿಂಭಾಗದಲ್ಲಿ ಒಂದು ತೂತು ಇಡಿ.

ಒಣಗಿರಲೇಬೇಕಾದದ್ದು ಮೋಟರ್, ಸರ್ಕ್ಯೂಟ್, ಸೆನ್ಸರ್, ಕ್ಯಾಮೆರಾ. ಇವನ್ನೆಲ್ಲ ಆದಷ್ಟು ಒಂದೇ ಕಡೆ, ಒಂದೇ ಡಬ್ಬಿಯಲ್ಲಿ ಸೇರಿಸಿ. ಸಾಧ್ಯವಿದ್ದರೆ ಮೋಟರ್‌ಗಳನ್ನು ಉಪಕರಣದಿಂದಲೇ ತೆಗೆದು ರೋಬೋಟ್ ತೋಳಿನೊಳಗೆ ಇಡಿ. ಆಗ ಆಟೋಕ್ಲೇವ್‌ಗೆ ಹೋಗುವುದು ಬರೀ ಲೋಹ ಮತ್ತು ಕೇಬಲ್. ಹಾಕುವ ಅಗತ್ಯವೇ ಬಾರದ ಸೀಲ್‌ಗಿಂತ ನಂಬಿಕಸ್ಥ ಸೀಲ್ ಇನ್ನೊಂದಿಲ್ಲ.

ಎಚ್ಚರಿಕೆ: ಅರ್ಧಂಬರ್ಧ ಮುಚ್ಚಿದ ಜಾಗ ಎಲ್ಲಕ್ಕಿಂತ ಕೆಟ್ಟದ್ದು. ಒತ್ತಡದಲ್ಲಿ ನೀರು ಒಳಗೆ ನುಸುಳುತ್ತದೆ, ಹೊರಬರಲು ಒತ್ತಡ ಸಾಲುವುದಿಲ್ಲ, ತೊಳೆಯುವ ಬ್ರಷ್ ತಲುಪುವುದಿಲ್ಲ. ಒಂದೋ ಪೂರ್ತಿ ಮುಚ್ಚಿ, ಇಲ್ಲವೇ ಪೂರ್ತಿ ತೆರೆದು ತೊಳೆಯಲು ಬಿಡಿ.

3. ಚಲನೆ ನೋಡಿ ಸೀಲ್‌ನ ಬಗೆ ಆರಿಸಿ

ಅಲುಗಾಡದ ಕಡೆ ರಬ್ಬರ್‌ಗೆ ಹೋಗುವ ಮೊದಲು ಲೇಸರ್ ವೆಲ್ಡಿಂಗ್ ಅಥವಾ ಬೆಸುಗೆ ಆಗುತ್ತದಾ ಅಂತ ಕೇಳಿಕೊಳ್ಳಿ. ರಬ್ಬರ್, ಪ್ಲಾಸ್ಟಿಕ್, ಎಪಾಕ್ಸಿ ಅಂಟು ಇವೆಲ್ಲದರ ಮೂಲಕ ನೀರಿನ ಆವಿ ನಿಧಾನವಾಗಿ ಹಾದುಹೋಗುತ್ತದೆ. ಎಷ್ಟು ಚೆನ್ನಾಗಿ ಕೂರಿಸಿದರೂ ಅಷ್ಟೇ. ಆವಿಯನ್ನು ನಿಜವಾಗಿ ತಡೆಯುವುದು ಲೋಹ, ಗಾಜು, ಸೆರಾಮಿಕ್ ಮಾತ್ರ. ಕ್ಯಾಮೆರಾ ಕಿಟಕಿಗೆ ನೀಲಮಣಿ ಗಾಜನ್ನು ಲೋಹದ ಚೌಕಟ್ಟಿಗೆ ಬೆಸೆಯುವುದು ಇದೇ ಕಾರಣಕ್ಕೆ.

ಸ್ವಲ್ಪವೇ ಹಿಂದೆ ಮುಂದೆ ಸರಿಯುವ ಕಡೆ ಬೆಲೋಸ್ ನೋಡಿ. ಬೆಲೋಸ್ ಅಂದರೆ ಹಾರ್ಮೋನಿಯಂ ತಿದಿಯಂತೆ ಮಡಿಕೆ ಇರುವ ತೆಳು ಕೊಳವೆ. ಅದು ಉಜ್ಜುವುದಿಲ್ಲ, ಬಾಗುತ್ತದೆ ಅಷ್ಟೇ. ಹಾಗಾಗಿ ಸವೆತ ಇಲ್ಲ. ಆದರೆ ಮಡಿಕೆಗಳ ನಡುವೆ ಕೊಳೆ ಕೂರುತ್ತದೆ, ಮತ್ತು ತಿರುಗುವ ಶಾಫ್ಟ್‌ಗೆ ಅದು ಆಗದು.

ತಿರುಗುವ ಕಡೆ ಸಾಮಾನ್ಯವಾಗಿ ಮೂರು ದಾರಿ. ಓ-ರಿಂಗ್ ಎರಡೂ ದಿಕ್ಕಿನ ಒತ್ತಡ ತಡೆಯುತ್ತದೆ, ಜಾಗ ಕಡಿಮೆ ಸಾಕು, ಆದರೆ ಘರ್ಷಣೆ ಜಾಸ್ತಿ. ಎರಡನೆಯದು ಸ್ಪ್ರಿಂಗ್ ಇರುವ ತುಟಿ ಸೀಲ್: ಪಿಟಿಎಫ್‌ಇ (ಟೆಫ್ಲಾನ್) ಪ್ಲಾಸ್ಟಿಕ್‌ನ ಇಂಗ್ಲಿಷ್ 'ಯು' ಆಕಾರದ ಬಳೆ, ಅದರ ಹೊಟ್ಟೆಯಲ್ಲಿ ಸಣ್ಣ ಸ್ಪ್ರಿಂಗ್. ಘರ್ಷಣೆ ತುಂಬಾ ಕಡಿಮೆ. ಮೂರನೆಯದು ಮ್ಯಾಗ್ನೆಟಿಕ್ ಕಪ್ಲಿಂಗ್, ಅಂದರೆ ತೆಳು ಲೋಹದ ಗೋಡೆಯ ಆಚೆ ಒಂದು ಮ್ಯಾಗ್ನೆಟ್, ಈಚೆ ಒಂದು. ಗೋಡೆಯಲ್ಲಿ ತೂತೇ ಇಲ್ಲ, ಸೋರಲು ದಾರಿಯೇ ಇಲ್ಲ. ಆದರೆ ಇಷ್ಟು ಸಣ್ಣ ಅಳತೆಯಲ್ಲಿ ಅದು ದಾಟಿಸುವ ತಿರುಚು ಬಲ ಕಡಿಮೆ. ಜೋರಾಗಿ ಎಳೆದರೆ ಜಾರುತ್ತದೆ.

ಇಲ್ಲಿ ಜನ ಬೀಳುವ ಹಳ್ಳ ಒಂದಿದೆ. ತುಟಿ ಸೀಲ್ ಒಂದೇ ದಿಕ್ಕಿಗೆ ಗಟ್ಟಿ. 'ಯು'ನ ಬಾಯಿ ಇರುವ ಕಡೆಯಿಂದ ಒತ್ತಡ ಬಂದರೆ ತುಟಿ ಅಗಲವಾಗಿ ಶಾಫ್ಟ್‌ಗೆ ಇನ್ನೂ ಒತ್ತಿಕೊಳ್ಳುತ್ತದೆ. ಬೆನ್ನಿನಿಂದ ಬಂದರೆ ಅದನ್ನು ತಡೆಯಲು ಸ್ಪ್ರಿಂಗ್‌ನ ಬಲ ಮಾತ್ರ. ಬಾಯಿಯನ್ನು ಹೊರಗಿನ ಹಬೆಯ ಕಡೆ ಇಟ್ಟಿರಿ ಅನ್ನಿ. ಮೊದಲ ನಿರ್ವಾತದಲ್ಲಿ ಒಳಗಿನ ಗಾಳಿ ತುಟಿ ಎತ್ತಿಕೊಂಡು ಹೊರಗೆ ಓಡಿಹೋಗುತ್ತದೆ. ಒಳಗೆ ಗಾಳಿ ಕಡಿಮೆಯಾಗಿದೆ. ಈಗ ಹಬೆ ಬಂದಾಗ ಸೀಲ್ 1.65 ಬಾರ್ ಅಲ್ಲ, ಅದಕ್ಕಿಂತ ಜಾಸ್ತಿ ತಡೆಯಬೇಕು. ಹೀಗೆ ಉಪಕರಣ ಉಸಿರಾಡಲು ಶುರು ಮಾಡುತ್ತದೆ: ಪ್ರತಿ ಸುತ್ತಿನಲ್ಲೂ ಗಾಳಿ ಹೊರಗೆ, ಹಬೆ ಒಳಗೆ. ತುಟಿ ಸೀಲ್ ಬಳಸುವುದಾದರೆ ಎರಡನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ, ನಡುವಿನ ಜಾಗವನ್ನು ಆದಷ್ಟು ಕಿರಿದು ಮಾಡಿ, ಗ್ರೀಸ್ ತುಂಬಿ.

ಘರ್ಷಣೆಯ ಲೆಕ್ಕವನ್ನೂ ಈಗಲೇ ಮಾಡಿ. 5 ಮಿ.ಮೀ. ಶಾಫ್ಟ್ ಸುತ್ತ ಸೀಲ್ 2 ನ್ಯೂಟನ್ ತಡೆ ಒಡ್ಡಿದರೆ, ತಿರುಗಿಸಲು 2 × 2.5 = 5 ಮಿಲಿನ್ಯೂಟನ್-ಮೀಟರ್ ಬಲ ಬೇಕು. 6 ಮಿ.ಮೀ. ದಪ್ಪದ ಮೋಟರ್ ಗೇರ್ ಇಲ್ಲದೆ ಕೊಡುವುದು ಒಂದು ಮಿಲಿನ್ಯೂಟನ್-ಮೀಟರ್‌ಗಿಂತ ಕಡಿಮೆ. ಅಂದರೆ ಸೀಲ್ ಒಂದೇ ಐದಾರು ಮೋಟರ್‌ನ ಶಕ್ತಿ ತಿನ್ನುತ್ತದೆ. ಹಾಗಾಗಿ ತಿರುಗುವ ಸೀಲ್‌ಗೆ ಸರಿಯಾದ ಜಾಗ ಗೇರ್‌ಬಾಕ್ಸ್‌ನ ನಂತರ, ಶಾಫ್ಟ್ ನಿಧಾನವಾಗಿ ತಿರುಗುವ ಕಡೆ. ಇನ್ನೊಂದು ವಿಷಯ: ನಿಂತಲ್ಲಿಂದ ಹೊರಡುವಾಗ ಬೇಕಾಗುವ ಬಲ, ಓಡುವಾಗ ಬೇಕಾಗುವ ಬಲಕ್ಕಿಂತ ಜಾಸ್ತಿ. ಸರ್ಜನ್ ನಿಧಾನವಾಗಿ ಕೈ ಸರಿಸಿದರೆ ತುದಿ ತಡೆದು ತಡೆದು ಜಿಗಿಯುತ್ತದೆ. ರಕ್ತನಾಳದ ಪಕ್ಕ ಅದು ಅಪಾಯ.

4. ವಸ್ತು ಆರಿಸಿ

ಹಬೆಯ ಸ್ಟೆರಿಲೈಸೇಶನ್ ಇದ್ದರೆ ನಾನು ಮೊದಲು ನೋಡುವುದು ಇಪಿಡಿಎಂ ರಬ್ಬರ್. ಬಿಸಿ ನೀರು, ಹಬೆ, ಕ್ಷಾರ ಎಲ್ಲವನ್ನೂ ಚೆನ್ನಾಗಿ ತಡೆಯುತ್ತದೆ. ಅದರ ವೈರಿ ಪೆಟ್ರೋಲಿಯಂ ಎಣ್ಣೆ. ಜೋಡಿಸುವಾಗ ಮಾಮೂಲಿ ಗ್ರೀಸ್ ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚಿದರೆ ಊದಿಕೊಂಡು ಹಾಳಾಗುತ್ತದೆ.

ಸಿಲಿಕೋನ್ ಮೃದು, ಬಿಸಿ ತಡೆಯುತ್ತದೆ, ದೇಹಕ್ಕೆ ಒಗ್ಗುತ್ತದೆ. ಆದರೆ ಬೇಗ ಹರಿದು ತುಂಡಾಗುತ್ತದೆ, ಉಜ್ಜಿದರೆ ಸವೆಯುತ್ತದೆ, ನೀರಿನ ಆವಿಯನ್ನು ಉಳಿದ ರಬ್ಬರ್‌ಗಳಿಗಿಂತ ತುಂಬಾ ಜಾಸ್ತಿ ಒಳಗೆ ಬಿಡುತ್ತದೆ. ಅಲುಗಾಡದ ಕಡೆ ಪರವಾಗಿಲ್ಲ. ಅದಕ್ಕೆ ಸಿಲಿಕೋನ್ ಗ್ರೀಸ್ ಹಚ್ಚಬೇಡಿ, ತನ್ನ ಜಾತಿಯ ಎಣ್ಣೆಯನ್ನು ಅದು ಹೀರಿ ಊದುತ್ತದೆ. ಎರಡಕ್ಕೂ ಹೊಂದುವುದು ಪಿಎಫ್‌ಪಿಇ ಎಂಬ ಫ್ಲೋರಿನ್ ಗ್ರೀಸ್.

ಎಫ್‌ಕೆಎಂ ಎಂಬ ಫ್ಲೋರಿನ್ ರಬ್ಬರ್ "ದುಬಾರಿ, ಹಾಗಾಗಿ ಒಳ್ಳೆಯದು" ಎಂದು ಹಾಕುವವರಿದ್ದಾರೆ. ಎಣ್ಣೆಗೆ ಅದು ಒಳ್ಳೆಯದೇ. ಸಾಮಾನ್ಯ ದರ್ಜೆಯದು ಹಬೆಗೆ ಬೇಗ ಸೋಲುತ್ತದೆ. ಬಳಸಲೇಬೇಕಿದ್ದರೆ ಪೆರಾಕ್ಸೈಡ್‌ನಿಂದ ಹದ ಮಾಡಿದ ದರ್ಜೆ ಕೇಳಿ. ನೈಟ್ರೈಲ್ ಮತ್ತು ಸಾಮಾನ್ಯ ಪಾಲಿಯುರೆಥೇನ್ ಇಲ್ಲಿಗೆ ಬೇಡ.

ಪಿಟಿಎಫ್‌ಇ ಬಗ್ಗೆ ಎರಡು ಮಾತು. ಅದು ಒತ್ತಡದಲ್ಲಿ ನಿಧಾನವಾಗಿ ಹರಡಿಕೊಳ್ಳುತ್ತದೆ, ಅದಕ್ಕೇ ಒಳಗೆ ಸ್ಪ್ರಿಂಗ್ ಬೇಕು. ಮತ್ತು 19 ಡಿಗ್ರಿ ಸುಮಾರಿಗೆ ಅದರ ಹರಳಿನ ರಚನೆ ಬದಲಾಗಿ, ಗಾತ್ರ ಶೇ. 1ಕ್ಕಿಂತ ಸ್ವಲ್ಪ ಜಾಸ್ತಿ ಬದಲಾಗುತ್ತದೆ. ಎಸಿ ಕೋಣೆಯಲ್ಲಿ 18 ಡಿಗ್ರಿಯಲ್ಲಿ ಅಳೆದ ತುಣುಕು, 25 ಡಿಗ್ರಿಯಲ್ಲಿ ಬೇರೆ ಅಳತೆ ತೋರಿಸುತ್ತದೆ. ಅಳೆಯುವ ತಾಪಮಾನವನ್ನು ಡ್ರಾಯಿಂಗ್‌ನಲ್ಲೇ ಬರೆಯಿರಿ. ಗಾಮಾ ಕಿರಣದಿಂದ ಸ್ಟೆರಿಲೈಸ್ ಮಾಡುವ ಬಳಸಿ ಬಿಸಾಡುವ ಉಪಕರಣವಾದರೆ ಪಿಟಿಎಫ್‌ಇ ಬೇಡವೇ ಬೇಡ, ಆ ಕಿರಣಕ್ಕೆ ಅದು ಪುಡಿಪುಡಿಯಾಗುವಷ್ಟು ದುರ್ಬಲವಾಗುತ್ತದೆ.

ಮಾರುವವರ ಹತ್ತಿರ ಎರಡು ಕಾಗದ ಕೇಳಿ. ಒಂದು, ದೇಹಕ್ಕೆ ಒಗ್ಗುವ ಬಗ್ಗೆ ಐಎಸ್‌ಒ 10993 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರದ ವರದಿ. ಎರಡು, ನಿಮ್ಮ ತಾಪಮಾನದಲ್ಲಿ ಕಂಪ್ರೆಷನ್ ಸೆಟ್. ಕಂಪ್ರೆಷನ್ ಸೆಟ್ ಅಂದರೆ ಒತ್ತಿ ಬಿಟ್ಟ ರಬ್ಬರ್ ಮೊದಲಿನ ಆಕಾರಕ್ಕೆ ಎಷ್ಟರ ಮಟ್ಟಿಗೆ ಮರಳುವುದಿಲ್ಲ ಎಂಬ ಲೆಕ್ಕ. 70 ಡಿಗ್ರಿಯ ಅಂಕಿ ಕೊಟ್ಟರೆ ತೆಗೆದುಕೊಳ್ಳಬೇಡಿ, ನಿಮಗೆ ಬೇಕಿರುವುದು 134ಕ್ಕೆ ಹತ್ತಿರದ್ದು.

5. ಟಾಲರೆನ್ಸ್ ಲೆಕ್ಕ: ಸಣ್ಣದರಲ್ಲಿ ಎಲ್ಲರೂ ಎಡವುವ ಜಾಗ

ಟಾಲರೆನ್ಸ್ ಅಂದರೆ ತಯಾರಿಕೆಯಲ್ಲಿ ಅಳತೆ ಎಷ್ಟು ಆಚೀಚೆ ಆಗಬಹುದು ಎಂಬ ಮಿತಿ. ದೊಡ್ಡ ಯಂತ್ರದ ಓ-ರಿಂಗ್ ಕೋಷ್ಟಕವನ್ನೇ ಕುಗ್ಗಿಸಿ ಸಣ್ಣದಕ್ಕೆ ಹಾಕಿದರೆ ಆಗುವುದಿಲ್ಲ. ಯಾಕೆಂದರೆ ಅಳತೆ ಕುಗ್ಗುತ್ತದೆ, ಟಾಲರೆನ್ಸ್ ಅದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಐಎಸ್‌ಒ 3601ರಲ್ಲಿ 1.78 ಮಿ.ಮೀ. ದಪ್ಪದ ಓ-ರಿಂಗ್‌ಗೆ ±0.08 ಮಿ.ಮೀ. ಬಿಟ್ಟಿದ್ದಾರೆ. ಅದು ಶೇ. 4.5. ಅರ್ಧ ಮಿಲಿಮೀಟರ್ ದಪ್ಪದ ರಿಂಗ್‌ಗೆ ±0.05 ಸಿಕ್ಕರೂ ಅದು ಶೇ. 10 ಆಯಿತು.

ಒಂದು ಉದಾಹರಣೆ ಬಿಡಿಸಿ ನೋಡೋಣ. ರಿಂಗ್ ದಪ್ಪ 0.50, ಗ್ರೂವ್‌ನ ಆಳ (ಸೀಲ್ ಕೂರುವ ತೋಡಿನ ತಳದಿಂದ ಎದುರಿನ ಗೋಡೆವರೆಗೆ) 0.40. ಅಂದರೆ ರಿಂಗ್ 0.10 ಮಿ.ಮೀ. ಹಿಂಡಿಕೊಂಡಿದೆ, ಶೇ. 20. ಕಾಗದದ ಮೇಲೆ ಚೆನ್ನಾಗಿದೆ, ಅಲ್ವಾ? ಈಗ ರಿಂಗ್ ±0.05, ಗ್ರೂವ್ ±0.02, ಶಾಫ್ಟ್ ನಡುವಿನಿಂದ ಪಕ್ಕಕ್ಕೆ ಸರಿಯುವುದು 0.03. ಮೂರೂ ಕೆಟ್ಟ ಕಡೆಗೆ ಸೇರಿದರೆ 0.10. ಹಿಂಡಿದ್ದೂ 0.10. ಉಳಿದದ್ದು ಸೊನ್ನೆ! ರಿಂಗ್ ಗೋಡೆಯನ್ನು ಮುಟ್ಟುತ್ತಿದೆ ಅಷ್ಟೇ, ಒತ್ತುತ್ತಿಲ್ಲ. ಇನ್ನೊಂದು ಕಡೆಗೆ ಸೇರಿದರೆ 0.20 ಮಿ.ಮೀ. ಹಿಂಡುತ್ತದೆ, ಘರ್ಷಣೆ ಮೇಲಕ್ಕೆ ಹೋಗುತ್ತದೆ, ಮೋಟರ್ ನಿಲ್ಲುತ್ತದೆ. ಒಂದೇ ಡ್ರಾಯಿಂಗ್, ಒಂದೇ ಬ್ಯಾಚ್, ಒಂದು ಸೋರುತ್ತದೆ, ಇನ್ನೊಂದು ತಿರುಗುವುದೇ ಇಲ್ಲ.

ವರ್ಗಗಳ ಮೊತ್ತದ ವರ್ಗಮೂಲ ತೆಗೆಯುವ ಅಂಕಿಅಂಶದ ವಿಧಾನದಲ್ಲಿ ಲೆಕ್ಕ ಹಾಕಿದರೆ ವ್ಯತ್ಯಾಸ 0.06 ಬರುತ್ತದೆ, 0.04 ಮಿ.ಮೀ. ಹಿಂಡಿಕೆ ಉಳಿಯುತ್ತದೆ. ಸಾಧಾರಣ ಯಂತ್ರಕ್ಕೆ ಈ ಲೆಕ್ಕ ನಡೆಯುತ್ತದೆ. ದೇಹದೊಳಗೆ ಹೋಗುವ ವಸ್ತುವಿಗೆ ನಾನು ಕೆಟ್ಟದ್ದರ ಲೆಕ್ಕವನ್ನೇ ಹಿಡಿಯುತ್ತೇನೆ. ಸರಿಪಡಿಸುವ ದಾರಿಗಳು ಹೀಗಿವೆ:

- ಜಾಗವಿದ್ದರೆ ಎಷ್ಟಾಗುತ್ತದೋ ಅಷ್ಟು ದಪ್ಪದ ರಿಂಗ್ ಹಾಕಿ. 0.5ರಿಂದ 1 ಮಿ.ಮೀ.ಗೆ ಹೋದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.
- ಶಾಫ್ಟ್ ಪಕ್ಕಕ್ಕೆ ಸರಿಯದಂತೆ ಬೇರಿಂಗನ್ನು ಸೀಲ್‌ನ ಪಕ್ಕದಲ್ಲೇ ಇಡಿ. ಶಾಫ್ಟ್‌ನ ಭಾರ ಹೊರುವುದು ಸೀಲ್‌ನ ಕೆಲಸ ಅಲ್ಲ.
- ರಿಂಗ್‌ಗಳನ್ನು ಅಳೆದು ವಿಂಗಡಿಸಿ. ದಪ್ಪದ್ದು ಒಂದು ಡಬ್ಬಿ, ತೆಳುವಾದದ್ದು ಇನ್ನೊಂದು. ಬೇಜಾರಿನ ಕೆಲಸ ಹೌದು, ಆದರೆ ಫಲ ಕೊಡುತ್ತದೆ.
- ಮೃದು ರಬ್ಬರ್ ಆರಿಸಿ. ಹಿಂಡಿಕೆ ಹೆಚ್ಚು ಕಡಿಮೆಯಾದರೂ ಘರ್ಷಣೆ ಅಷ್ಟಾಗಿ ಜಿಗಿಯುವುದಿಲ್ಲ.

ಗ್ರೂವ್‌ನ ಅಗಲವನ್ನೂ ಮರೆಯಬೇಡಿ. ರಬ್ಬರ್ ಒತ್ತಿದರೆ ಕುಗ್ಗುವುದಿಲ್ಲ, ಪಕ್ಕಕ್ಕೆ ಸರಿಯುತ್ತದೆ. 20ರಿಂದ 134 ಡಿಗ್ರಿಗೆ ಹೋದಾಗ ಅದರ ಗಾತ್ರ ಶೇ. 6–8ರಷ್ಟು ಹಿಗ್ಗುತ್ತದೆ, ಉಕ್ಕು ಅಷ್ಟು ಹಿಗ್ಗುವುದಿಲ್ಲ. ಹಾಗಾಗಿ ತಣ್ಣಗಿರುವಾಗ ರಿಂಗ್ ಗ್ರೂವ್‌ನ ಶೇ. 85ಕ್ಕಿಂತ ಜಾಸ್ತಿ ತುಂಬಿರಬಾರದು. ಶೇ. 95 ತುಂಬಿಸಿದರೆ ಆಟೋಕ್ಲೇವ್‌ನಲ್ಲಿ ರಬ್ಬರ್‌ಗೆ ಹೋಗಲು ಜಾಗವಿಲ್ಲದೆ ಸಂದಿಯೊಳಗೆ ನುಗ್ಗಿ ಕತ್ತರಿಸಿಕೊಳ್ಳುತ್ತದೆ.

6. ಶಾಫ್ಟ್‌ನ ಮೈ

ರಬ್ಬರ್ ತುಟಿ ಉಜ್ಜುವ ಶಾಫ್ಟ್‌ನ ಒರಟುತನ ಆರ್‌ಎ 0.2–0.4 ಮೈಕ್ರೋಮೀಟರ್ ಇರಲಿ. ಪಿಟಿಎಫ್‌ಇಗೆ ಇನ್ನೂ ನುಣುಪು ಬೇಕು, 0.1–0.2. ಆರ್‌ಎ ಅಂದರೆ ಮೇಲ್ಮೈಯ ಏರು ತಗ್ಗುಗಳ ಸರಾಸರಿ. ಆದರೆ ಅಂಕಿ ಸರಿ ಇದ್ದ ಮಾತ್ರಕ್ಕೆ ಸಾಲದು. ಲೇತ್‌ನಲ್ಲಿ ತಿರುಗಿಸಿದ ಶಾಫ್ಟ್ ಮೇಲೆ ಸ್ಕ್ರೂ ಮರೆಯಂತೆ ಸುತ್ತಿ ಹೋಗುವ ಸಣ್ಣ ಗೆರೆ ಉಳಿಯುತ್ತದೆ. ಶಾಫ್ಟ್ ತಿರುಗಿದಾಗ ಅದೇ ಗೆರೆ ನೀರನ್ನು ಒಳಗೆ ಪಂಪ್ ಮಾಡುತ್ತದೆ. ಗ್ರೈಂಡಿಂಗ್ ಕಲ್ಲನ್ನು ಪಕ್ಕಕ್ಕೆ ಸರಿಸದೆ ನೇರ ಒತ್ತಿ ಉಜ್ಜಿದರೆ ಈ ಗೆರೆ ಬರುವುದಿಲ್ಲ. ಡ್ರಾಯಿಂಗ್‌ನಲ್ಲಿ "ಸುರುಳಿ ಗೆರೆ ಇರಬಾರದು" ಎಂದು ಬರೆಯಿರಿ.

7. ಕೇಬಲ್ ಮತ್ತು ವೈರ್: ಯಾರೂ ನೋಡದ ದಾರಿ

ಇದನ್ನು ನಾನು ಕಷ್ಟಪಟ್ಟು ಕಲಿತೆ. ಒಮ್ಮೆ ನಾವು ಮಾಡಿದ ಉಪಕರಣ ಕೆಲವು ಸುತ್ತು ಹಬೆಯ ನಂತರ ಒಳಗೆ ಒದ್ದೆಯಾಗುತ್ತಿತ್ತು. ಸೀಲ್ ಬದಲಿಸಿದೆವು, ಗ್ರೂವ್ ಬದಲಿಸಿದೆವು, ರಬ್ಬರ್ ಬದಲಿಸಿದೆವು. ಏನೂ ಆಗಲಿಲ್ಲ. ಕೊನೆಗೆ ಒಂದನ್ನು ಸೀಳಿ ಮೈಕ್ರೋಸ್ಕೋಪ್ ಕೆಳಗೆ ಇಟ್ಟೆ. ಓ-ರಿಂಗ್ ಆಚೀಚೆ ಲೋಹ ಪಳಪಳ ಹೊಳೆಯುತ್ತಿತ್ತು. ಸೆನ್ಸರ್ ವೈರಿನ ಪ್ಲಾಸ್ಟಿಕ್ ಸುಲಿದರೆ ಒಳಗಿನ ತಾಮ್ರದ ಎಳೆಗಳು ಉದ್ದಕ್ಕೂ ಹಸಿರುಗಟ್ಟಿದ್ದವು. ನೀರು ಸೀಲ್‌ನ ಸುತ್ತ ಬಂದಿರಲಿಲ್ಲ, ವೈರಿನ ಹೊಟ್ಟೆಯೊಳಗಿಂದ ಬಂದಿತ್ತು.

ಹಲವು ಎಳೆ ಹೊಸೆದ ವೈರ್ ದೀಪದ ಬತ್ತಿಯ ಹಾಗೆ. ಎಳೆಗಳ ನಡುವಿನ ಸಂದಿ ನೀರನ್ನು ಹೀರುತ್ತದೆ. ಹೊರಗಿನಿಂದ ಎಷ್ಟು ಬಿಗಿಯಾಗಿ ಸೀಲ್ ಹಿಡಿದರೂ ಒಳಗಿನ ದಾರಿ ತೆರೆದೇ ಇರುತ್ತದೆ. ಮಣಿಕಟ್ಟು ಎಳೆಯುವ ಉಕ್ಕಿನ ಕೇಬಲ್‌ನದೂ ಇದೇ ಕತೆ.

ಪರಿಹಾರ ಎರಡು ಬಗೆ. ಎಳೆಯುವ ಕೇಬಲ್‌ಗೆ, ಸೀಲ್ ಮೂಲಕ ಹಾದುಹೋಗುವ ಉದ್ದದಲ್ಲಿ ಮಾತ್ರ ಕೇಬಲ್ ಬದಲು ಗಟ್ಟಿ ಸರಳು ಜೋಡಿಸಿ. ಕೇಬಲ್ ಬಾಗಬೇಕಿರುವುದು ಮಣಿಕಟ್ಟಿನ ಹತ್ತಿರ ಮಾತ್ರ ತಾನೆ? ಕೊಳವೆಯ ನಡುವೆ ಅದು ನೇರವಾಗಿಯೇ ಓಡುತ್ತದೆ. ನುಣುಪಾದ ದುಂಡು ಸರಳಿಗೆ ಸೀಲ್ ಹಾಕುವುದು ಸುಲಭ. ವಿದ್ಯುತ್ ವೈರ್‌ಗೆ, ಒಂದು ಕಡೆ ಪ್ಲಾಸ್ಟಿಕ್ ಸುಲಿದು, ಎಳೆಗಳನ್ನು ಬೆಸುಗೆಯಿಂದ ಗಟ್ಟಿ ಮಾಡಿ, ಆ ಭಾಗವನ್ನು ಎಪಾಕ್ಸಿಯಲ್ಲಿ ಹೂತುಬಿಡಿ. ಎಪಾಕ್ಸಿ ಮೃದುವಾಗುವ ತಾಪಮಾನ 134 ಡಿಗ್ರಿಗಿಂತ ಮೇಲಿರಬೇಕು. ಸುರಿಯುವ ಮೊದಲು ನಿರ್ವಾತದಲ್ಲಿಟ್ಟು ಗುಳ್ಳೆ ತೆಗೆಯಿರಿ.

8. ಜೋಡಣೆ

ಸಣ್ಣ ಸೀಲ್‌ಗಳಲ್ಲಿ ಸವೆದು ಸಾಯುವವು ಕಡಿಮೆ, ಜೋಡಿಸುವಾಗಲೇ ಗಾಯಗೊಂಡವು ಜಾಸ್ತಿ. ಸೀಲ್ ದಾಟುವ ಪ್ರತಿ ಅಂಚಿಗೂ 15–20 ಡಿಗ್ರಿಯ ಇಳಿಜಾರು ಕೊಡಿ, ಬರ್ (ಕತ್ತರಿಸಿದ ಅಂಚಿನಲ್ಲಿ ಉಳಿಯುವ ಚೂಪು ಲೋಹ) ತೆಗೆಯಿರಿ. ಸ್ಕ್ರೂ ಮರೆ ಅಥವಾ ಅಡ್ಡ ತೂತಿನ ಮೇಲೆ ರಿಂಗ್ ಎಳೆಯುವಂತಿದ್ದರೆ ಪ್ಲಾಸ್ಟಿಕ್ ಶಂಕು ಮುಚ್ಚಿ ಅದರ ಮೇಲೆ ಜಾರಿಸಿ. ಚೂಪು ಚಿಮಟ ಮುಟ್ಟಲೇಬೇಡಿ. ಕೂರಿಸಿದ ಮೇಲೆ ರಿಂಗ್ ತಿರುಚಿಕೊಂಡಿದೆಯಾ ಅಂತ ಮೈಕ್ರೋಸ್ಕೋಪ್‌ನಲ್ಲಿ ಒಂದು ಸುತ್ತು ನೋಡಿ. ಬಟ್ಟೆಯ ಒಂದು ನೂಲೆಳೆ ಸೀಲ್ ಕೆಳಗೆ ಸಿಕ್ಕರೆ ಅದೂ ಒಂದು ಬತ್ತಿಯೇ.

9. ಪ್ರತಿಯೊಂದನ್ನೂ ಸೋರಿಕೆಗೆ ಪರೀಕ್ಷಿಸಿ

ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುವುದು ಎಲ್ಲಿ ಸೋರುತ್ತಿದೆ ಎಂದು ಹುಡುಕಲು ಒಳ್ಳೆಯದು. ಪಾಸು ಫೇಲು ಹೇಳಲು ಅಂಕಿ ಬೇಕು. ಸೋರಿಕೆಯನ್ನು ಸೆಕೆಂಡಿಗೆ ಮಿಲಿಬಾರ್-ಲೀಟರ್‌ನಲ್ಲಿ ಹೇಳುತ್ತಾರೆ: 1 ಲೀಟರ್ ಡಬ್ಬಿಯ ಒತ್ತಡ ಸೆಕೆಂಡಿಗೆ 1 ಮಿಲಿಬಾರ್ ಇಳಿದರೆ ಸೋರಿಕೆ 1. ಅಂದಾಜಿಗೆ 0.01ಕ್ಕಿಂತ ಕಡಿಮೆ ಇದ್ದರೆ ನೀರು ಸೋರದು, 0.001ಕ್ಕಿಂತ ಕಡಿಮೆ ಇದ್ದರೆ ಹಬೆ ಸೋರದು, 0.0001ಕ್ಕಿಂತ ಕಡಿಮೆ ಇದ್ದರೆ ಬ್ಯಾಕ್ಟೀರಿಯಾ ದಾಟದು ಎಂದು ಈ ಕೆಲಸದವರು ಹಿಡಿಯುತ್ತಾರೆ. ಇದು ಆರಂಭದ ಅಂದಾಜು ಮಾತ್ರ, ನಿಮ್ಮ ಮಿತಿಯನ್ನು ನಿಮ್ಮ ಪರೀಕ್ಷೆಯಿಂದಲೇ ಸಾಬೀತು ಮಾಡಬೇಕು.

ಉಪಕರಣ ಸಣ್ಣದಾಗಿರುವುದು ಇಲ್ಲಿ ಮಾತ್ರ ನಿಮಗೆ ಅನುಕೂಲ. ಒಳಗಿನ ಜಾಗ 2 ಮಿಲಿಲೀಟರ್ ಇದ್ದು ಸೋರಿಕೆ 0.001 ಇದ್ದರೆ, ಒತ್ತಡ 10 ಸೆಕೆಂಡಿನಲ್ಲಿ 5 ಮಿಲಿಬಾರ್ ಇಳಿಯುತ್ತದೆ. ಸುಲಭವಾಗಿ ಕಾಣುತ್ತದೆ. ಆದರೆ ಒಳಗಿನ ಗಾಳಿ 1 ಡಿಗ್ರಿ ಬಿಸಿಯಾದರೂ ಒತ್ತಡ 3–4 ಮಿಲಿಬಾರ್ ಏರುತ್ತದೆ! ಪರೀಕ್ಷೆ ಮಾಡುವವರು ಉಪಕರಣವನ್ನು ಕೈಯಲ್ಲಿ ಹಿಡಿದರೆ ಅಂಗೈಯ ಬಿಸಿಯೇ ಸೋರಿಕೆಯನ್ನು ಮುಚ್ಚಿಹಾಕುತ್ತದೆ. ಸೋರುವ ಉಪಕರಣ ಪಾಸಾಗುತ್ತದೆ. ಕೈ ತಾಗದಂತೆ ಫಿಕ್ಸ್‌ಚರ್‌ನಲ್ಲಿ (ಉಪಕರಣ ಹಿಡಿದಿಡುವ ಚೌಕಟ್ಟಿನಲ್ಲಿ) ಕೂರಿಸಿ, ಕೋಣೆಯ ತಾಪಮಾನಕ್ಕೆ ಬರಲು ಬಿಟ್ಟು ಆಮೇಲೆ ಅಳೆಯಿರಿ. ಒಳಗಿನಿಂದ ಒತ್ತಡ ಕೊಟ್ಟು ಒಂದು ಸಲ, ನಿರ್ವಾತ ಮಾಡಿ ಇನ್ನೊಂದು ಸಲ. ಶಾಫ್ಟ್ ನಿಂತಾಗ ಮಾತ್ರ ಅಲ್ಲ, ತಿರುಗುವಾಗಲೂ.

10. ಬಾಳಿಕೆ ಪರೀಕ್ಷೆ

ತಪ್ಪು ಕ್ರಮ ಹೀಗಿರುತ್ತದೆ: ಒಂದು ಗುಂಪಿಗೆ ಸಾವಿರ ಸಲ ತಿರುಗಿಸುವ ಪರೀಕ್ಷೆ, ಇನ್ನೊಂದು ಗುಂಪಿಗೆ ಹಬೆಯ ಪರೀಕ್ಷೆ, ಎರಡೂ ಪಾಸು. ಆದರೆ ಆಸ್ಪತ್ರೆಯಲ್ಲಿ ಒಂದೇ ಉಪಕರಣ ಎರಡನ್ನೂ ಅನುಭವಿಸುತ್ತದೆ, ಜೊತೆಗೆ ಒಣಗಿದ ರಕ್ತವನ್ನೂ. ಹಾಗಾಗಿ ಒಂದು ಸುತ್ತು ಅಂದರೆ ಇದೆಲ್ಲ ಸೇರಿ: ರಕ್ತದಂಥ ಪರೀಕ್ಷಾ ಕೊಳೆ ಹಚ್ಚಿ ಚಲಿಸಿ, ಒಣಗಲು ಬಿಟ್ಟು, ತೊಳೆದು, ಆಟೋಕ್ಲೇವ್ ಮಾಡಿ, ತಣ್ಣಗಾಗಿಸಿ, ಸೋರಿಕೆ ಅಳೆದು. ಉಪಕರಣವನ್ನು ಎಷ್ಟು ಸಲ ಬಳಸಬಹುದು ಎಂದು ಬರೆಯುತ್ತೀರೋ, ಅದಕ್ಕಿಂತ ಜಾಸ್ತಿ ಸುತ್ತು ಓಡಿಸಿ, ಸೋಲುವವರೆಗೂ. ಎಲ್ಲಿ, ಹೇಗೆ ಸೋಲುತ್ತದೆ ಎಂದು ಗೊತ್ತಿಲ್ಲದ ಸೀಲ್ ಅನ್ನು ನಾನು ನಂಬುವುದಿಲ್ಲ. ಈ ತೊಳೆಯುವ ಕ್ರಮವನ್ನೇ ಬಳಕೆದಾರರ ಸೂಚನೆಯಲ್ಲೂ ಬರೆಯಬೇಕು, ಅದಕ್ಕೆ ಐಎಸ್‌ಒ 17664 ಎಂಬ ಮಾನದಂಡ ಇದೆ.

ತಕ್ಕಡಿ ಬೇಕು ಎಂದಿದ್ದೆನಲ್ಲ, ಅದು ಇಲ್ಲಿಗೆ. ಪ್ರತಿ ಹತ್ತು ಸುತ್ತಿಗೊಮ್ಮೆ ಹೊರಮೈ ಚೆನ್ನಾಗಿ ಒಣಗಿಸಿ ಉಪಕರಣದ ಒಣ ಭಾಗವನ್ನು ತೂಗಿ. ಸರ್ಕ್ಯೂಟ್ ಕೆಡುವ ಎಷ್ಟೋ ಮೊದಲೇ ತೂಕ ಮಿಲಿಗ್ರಾಂ ಮಿಲಿಗ್ರಾಂ ಏರುತ್ತಾ ಹೋಗುತ್ತದೆ. ಹೊರಗಿನ ಪ್ಲಾಸ್ಟಿಕ್ ಕೂಡ ಸ್ವಲ್ಪ ನೀರು ಹೀರುತ್ತದೆ, ಹಾಗಾಗಿ ಒಳಗೆ ಖಾಲಿ ಜಾಗವೇ ಇಲ್ಲದ ಒಂದು ತುಣುಕನ್ನು ಹೋಲಿಕೆಗೆ ಜೊತೆಯಲ್ಲೇ ಓಡಿಸಿ.

ಎಷ್ಟು ಉಪಕರಣ ಪರೀಕ್ಷಿಸಬೇಕು? "ಐದು ಮಾಡಿದೆವು, ಐದೂ ಪಾಸು" ಎಂಬುದು ಕೇಳಲು ಚೆನ್ನಾಗಿದೆ. ಲೆಕ್ಕ ಬೇರೆ ಹೇಳುತ್ತದೆ. ಐದಕ್ಕೆ ಐದು ಪಾಸಾದರೆ, ಶೇ. 95ರ ಭರವಸೆಯಲ್ಲಿ ನೀವು ಹೇಳಬಹುದಾದದ್ದು "ಕನಿಷ್ಠ ಶೇ. 55 ಉಪಕರಣ ಬಾಳುತ್ತವೆ" ಎಂದು ಮಾತ್ರ. ಶೇ. 90 ಎನ್ನಲು 29 ಬೇಕು, ಶೇ. 95 ಎನ್ನಲು 59 ಬೇಕು, ಒಂದೂ ಫೇಲ್ ಆಗದೆ. ಮತ್ತು ಈ 59ರಲ್ಲಿ ಟಾಲರೆನ್ಸ್‌ನ ಎರಡೂ ತುದಿಯಲ್ಲಿರುವ ತುಣುಕುಗಳು ಇರಬೇಕು. ಚೆನ್ನಾಗಿ ಬಂದದ್ದನ್ನೇ ಆರಿಸಿ ಪರೀಕ್ಷೆಗೆ ಕಳಿಸಿದರೆ ಫಲಿತಾಂಶವನ್ನು ನಂಬುವಂತಿಲ್ಲ.

ಪರೀಕ್ಷೆ ಮುಗಿದ ಮೇಲೆ ಪಾಸಾದವನ್ನೂ ಕೆಲವನ್ನು ಸೀಳಿ. ಓ-ರಿಂಗ್ ಹೊರತೆಗೆದು ದಪ್ಪ ಅಳೆಯಿರಿ, ಚಪ್ಪಟೆಯಾದ ಜಾಗ ಎಷ್ಟು ಅಗಲ ಇದೆ ನೋಡಿ, ಫೋಟೋ ತೆಗೆದು ಸುತ್ತಿನ ಸಂಖ್ಯೆ ಬರೆದಿಡಿ. ಜೊತೆಗೆ ರಬ್ಬರ್‌ನ ಬ್ಯಾಚ್ ಸಂಖ್ಯೆಯನ್ನೂ ಬರೆಯಿರಿ. ಮುಂದೆ ಮಾರುವವರು ರಬ್ಬರ್‌ನ ಮಿಶ್ರಣ ಅಥವಾ ಅಚ್ಚು ಬದಲಿಸಿದರೆ, ಹೆಸರು ಅದೇ ಇದ್ದರೂ ಅದು ಹೊಸ ಸೀಲ್. ಹತ್ತನೇ ಹಂತವನ್ನು ಮೊದಲಿನಿಂದ ಮಾಡಿ.